ಗೆಲ್ಲುವ ಕಟ್ಟು ಏಕೆ ಬದಲಾಗುತ್ತದೆ?

ಇಸ್ಪೀಟಿನ ಆಟವನ್ನು ನೋಡದವರು ನಮ್ಮಲ್ಲಿ ವಿರಳ. ಐವತ್ತೆರಡು ಎಲೆಗಳ ಒಂದು ಕಟ್ಟನ್ನು ಕಲಸಿ ಆಟಗಾರರಿಗೆಲ್ಲ ಹಂಚುವುದು ಆ ಆಟಗಳ ಪದ್ಧತಿ. ಯಾವ ಎಲೆ ಯಾರ ಕೈಗೆ ಬೀಳುವುದೆಂಬುದು ಅದೃಷ್ಟಕ್ಕೆ ಸೇರಿದ ಮಾತು. ಬಿದ್ದ ಎಲೆಗಳನ್ನು ಹೇಗೆ ಇಳಿಸಬೇಕೆಂಬುದಷ್ಟೇ ಆಡುವವನ ಜಾಣ್ಮೆಗೆ ಬಿಟ್ಟುದು. ೧೯೯೩ರಲ್ಲಿ ಅಮೆರಿಕದ ಗಣಿತಜ್ಞರಾದ ರಿಚರ್ಡ್ ಗಾರ್ಫೀಲ್ಡ್ ಅವರು ರಚಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟವು ಹೊರಬಂದಾಗ ಈ ಪದ್ಧತಿಗೆ ಬೇರೊಂದು ರೂಪ ಬಂದಿತು. ಅದರಲ್ಲಿ ಪ್ರತಿಯೊಬ್ಬ ಆಟಗಾರನೂ ನೂರಾರು ಬಗೆಯ ಎಲೆಗಳಿಂದ ತನಗೆ ಬೇಕಾದುವನ್ನು ಆರಿಸಿ, ತನ್ನದೇ ಆದ ಕಟ್ಟನ್ನು ಮೊದಲೇ ಸಿದ್ಧಪಡಿಸಿಕೊಂಡು ಬರುತ್ತಾನೆ. ಇಂಥ ಆಟಗಳಲ್ಲಿ ಸ್ಪರ್ಧೆಯು ಎದುರಾಳಿಯ ಮುಂದೆ ಕುಳಿತಾಗ ಆರಂಭವಾಗುವುದಿಲ್ಲ. ಮನೆಯಲ್ಲಿ ಕುಳಿತು ಎಲೆಗಳನ್ನು ಆರಿಸುವಾಗಲೇ ಆರಂಭವಾಗಿರುತ್ತದೆ.

ಈ ಜಾತಿಯ ಆಟಗಳು ಮುಂದೆ ಕಂಪ್ಯೂಟರಿಗೂ ಮೊಬೈಲಿಗೂ ಬಂದವು. ಅವುಗಳಲ್ಲಿ ಬಹು ಪ್ರಸಿದ್ಧವಾದ ‘ಹಾರ್ತ್‌ಸ್ಟೋನ್’ ಎಂಬುದನ್ನು ಬ್ಲಿಝರ್ಡ್ ಕಂಪನಿಯವರು ೨೦೧೪ರ ಮಾರ್ಚ್ ತಿಂಗಳಲ್ಲಿ ಹೊರತಂದರು. ಇದರಲ್ಲಿ ಕಟ್ಟಿಗೆ ಸಾಮಾನ್ಯವಾಗಿ ೩೦ ಎಲೆಗಳು. ಒಂದೇ ಎಲೆಯ ಎರಡು ಪ್ರತಿಗಳಿಗಿಂತ ಹೆಚ್ಚು ಇರಕೂಡದು. ಅತಿ ವಿಶೇಷವಾದ ಎಲೆಗಳಾದರೆ ಒಂದೊಂದೇ. ಇಬ್ಬರಿಗೂ ೩೦ ಅಂಶಗಳ ‘ಆಯುಸ್ಸು’ ಇರುವುದು. ಎಲೆಯನ್ನು ಇಳಿಸಲು ತೆರಬೇಕಾದ ‘ಮಾನಾ’ ಎಂಬ ಶಕ್ತಿಯು ಮೊದಲ ಸರದಿಯಲ್ಲಿ ೧, ಎರಡನೆಯದರಲ್ಲಿ ೨, ಹೀಗೆ ಏರುತ್ತ ೧೦ಕ್ಕೆ ನಿಲ್ಲುವುದು. ಎದುರಾಳಿಯ ಆಯುಸ್ಸನ್ನು ಸೊನ್ನೆಗೆ ಇಳಿಸಿದವನೇ ಗೆದ್ದವನು.

ಇಂಥ ಆಟಗಳನ್ನು ಗಮನಿಸುವವರಿಗೆ ಒಂದು ವಿಚಿತ್ರ ಸಂಗತಿ ಕಾಣಿಸುವುದು. ಒಂದು ಬಗೆಯ ಕಟ್ಟು ಚೆನ್ನಾಗಿ ಗೆಲ್ಲುತ್ತಿದೆಯೆಂಬ ಸುದ್ದಿ ಹಬ್ಬುತ್ತಲೇ ಸಾವಿರಾರು ಜನ ಅದನ್ನೇ ಹಿಡಿಯುವರು. ಕೆಲವು ವಾರಗಳಲ್ಲಿ ಅದರ ಗೆಲುವು ಕುಗ್ಗತೊಡಗುವುದು. ಅದರ ಎಲೆಗಳಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ; ಆಡುವವರು ದಡ್ಡರಾಗಿಯೂ ಇಲ್ಲ. ಆದರೂ ನಿನ್ನೆಯ ರಾಜ ಇಂದು ಸಾಮಾನ್ಯನಾಗುವನು. ಇದಕ್ಕೆ ಕಾರಣವೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ನಾವು ಆಟದ ಮನೆಯಿಂದ ಹೊರಟು ಗಣಿತವನ್ನು ಹೊಕ್ಕು ಜೀವವಿಜ್ಞಾನದ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಮೂರು ಬಗೆಯ ಕಟ್ಟುಗಳು

ಕಟ್ಟುಗಳು ಎಷ್ಟೇ ಬಗೆಯಾಗಿದ್ದರೂ ಸ್ಥೂಲವಾಗಿ ಅವನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ದಾಳಿಯ ಕಟ್ಟು. ಅಗ್ಗದ ಎಲೆಗಳನ್ನು ಬೇಗಬೇಗ ಇಳಿಸಿ, ಎದುರಾಳಿ ಕಣ್ಣುಬಿಡುವುದರೊಳಗೆ ಆಟವನ್ನು ಮುಗಿಸಿಬಿಡುವುದು ಇದರ ಗುರಿ. ಎರಡನೆಯದು ತಡೆಯ ಕಟ್ಟು. ಬಂದ ದಾಳಿಯನ್ನೆಲ್ಲ ತಾಳಿಕೊಂಡು, ಎದುರಾಳಿಯ ಎಲೆಗಳನ್ನು ಒಂದೊಂದಾಗಿ ನಾಶಪಡಿಸಿ, ಕೊನೆಯಲ್ಲಿ ಭಾರಿ ಎಲೆಗಳಿಂದ ಗೆಲ್ಲುವುದು ಇದರ ದಾರಿ. ಮೂರನೆಯದು ಜೋಡಣೆಯ ಕಟ್ಟು. ಕೆಲವು ನಿರ್ದಿಷ್ಟ ಎಲೆಗಳು ಕೈಗೆ ಕೂಡಿಬರುವವರೆಗೆ ಕಾದಿದ್ದು, ಅವುಗಳನ್ನು ಒಮ್ಮೆಗೇ ಇಳಿಸಿ ಒಂದೇ ಏಟಿಗೆ ಆಟವನ್ನು ಮುಗಿಸುವುದು ಇದರ ಉಪಾಯ.

ಈ ಮೂರಕ್ಕೂ ಪರಸ್ಪರ ಇರುವ ಸಂಬಂಧವು ಸ್ವಾರಸ್ಯವಾದುದು. ಜೋಡಣೆಗೆ ಕಾಲಾವಕಾಶ ಬೇಕು; ದಾಳಿಯು ಅದನ್ನು ಕೊಡುವುದಿಲ್ಲ. ಆದುದರಿಂದ ದಾಳಿಯು ಜೋಡಣೆಯನ್ನು ಸೋಲಿಸುವುದು. ತಡೆಯ ಕಟ್ಟು ನಿಧಾನವಾದುದು. ಅದು ಕಾಯುತ್ತಿರುವಾಗ ಜೋಡಣೆಯು ತನಗೆ ಬೇಕಾದ ಎಲೆಗಳನ್ನು ಕೂಡಿಹಾಕಿಕೊಳ್ಳುವುದು. ಆದುದರಿಂದ ಜೋಡಣೆಯು ತಡೆಯನ್ನು ಸೋಲಿಸುವುದು. ದಾಳಿಯ ಅಗ್ಗದ ಎಲೆಗಳನ್ನು ಒರೆಸಿಹಾಕುವುದು ತಡೆಯ ಕಸಬು. ಆದುದರಿಂದ ತಡೆಯು ದಾಳಿಯನ್ನು ಸೋಲಿಸುವುದು. ಮಕ್ಕಳು ಆಡುವ ಕಲ್ಲು-ಕಾಗದ-ಕತ್ತರಿಯ ಆಟವನ್ನು ಬಲ್ಲವರಿಗೆ ಇದು ಹೊಸದಲ್ಲ. ಇಲ್ಲಿ ‘ಎಲ್ಲಕ್ಕಿಂತ ಬಲವಾದುದು ಯಾವುದು?’ ಎಂಬ ಪ್ರಶ್ನೆಗೇ ಅರ್ಥವಿಲ್ಲ. ‘ಯಾವುದರ ಎದುರಿಗೆ?’ ಎಂದು ಕೇಳಿದ ಮೇಲೆಯೇ ಉತ್ತರ ಸಾಧ್ಯ.

ಲೆಕ್ಕ ಹಾಕಿ ನೋಡೋಣ

ವಿಷಯವನ್ನು ವಿಶದಪಡಿಸುವುದಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಇವು ನಮ್ಮ ಅನುಕೂಲಕ್ಕಾಗಿ ಇಟ್ಟುಕೊಂಡವು. ಯಾವುದೋ ಒಂದು ತಿಂಗಳ ದಾಖಲೆಯಿಂದ ತೆಗೆದುವಲ್ಲ.

ದಾಳಿಯು ಜೋಡಣೆಯ ಎದುರು ೧೦೦ಕ್ಕೆ ೬೦ ಪಂದ್ಯ ಗೆಲ್ಲಲಿ.
ಜೋಡಣೆಯು ತಡೆಯ ಎದುರು ೧೦೦ಕ್ಕೆ ೬೫ ಪಂದ್ಯ ಗೆಲ್ಲಲಿ.
ತಡೆಯು ದಾಳಿಯ ಎದುರು ೧೦೦ಕ್ಕೆ ೫೫ ಪಂದ್ಯ ಗೆಲ್ಲಲಿ.

ಒಂದೇ ಬಗೆಯ ಎರಡು ಕಟ್ಟುಗಳು ಎದುರಾದರೆ ಗೆಲುವು ಸಮಪಾಲು, ಅಂದರೆ ೫೦. ಈ ೫೦ಕ್ಕಿಂತ ಹೆಚ್ಚಾದುದನ್ನು ‘ಮೇಲುಗೈ’ ಎಂದು ಕರೆಯೋಣ. ಹಾಗಾದರೆ ಮೇಲಿನ ಮೂರು ಮೇಲುಗೈಗಳು ಕ್ರಮವಾಗಿ ೧೦, ೧೫ ಮತ್ತು ೫.

ಮೊದಲ ವಾರದಲ್ಲಿ ನೂರು ಆಟಗಾರರ ಪೈಕಿ ೪೦ ಜನ ದಾಳಿಯನ್ನೂ ೪೦ ಜನ ಜೋಡಣೆಯನ್ನೂ ೨೦ ಜನ ತಡೆಯನ್ನೂ ಹಿಡಿದಿರುವರೆಂದು ಭಾವಿಸಿ. ದಾಳಿಯವನಿಗೆ ನೂರರಲ್ಲಿ ೪೦ ಸಲ ಜೋಡಣೆ ಎದುರಾಗುವುದು; ಅಲ್ಲಿ ೧೦ರ ಮೇಲುಗೈ. ೨೦ ಸಲ ತಡೆ ಎದುರಾಗುವುದು. ಅಲ್ಲಿ ೫ರ ನಷ್ಟ. ಒಟ್ಟಿನಲ್ಲಿ ೪ರಿಂದ ೧ನ್ನು ಕಳೆದು ೩ ಉಳಿಯುವುದು. ಎಂದರೆ ಅವನ ಗೆಲುವು ನೂರಕ್ಕೆ ೫೩. ಇದೇ ರೀತಿಯಲ್ಲಿ ಜೋಡಣೆಗೆ ೪೯, ತಡೆಗೆ ೪೬ ಬರುವುದನ್ನು ವಾಚಕರು ತಾವೇ ಪರೀಕ್ಷಿಸಬಹುದು.

ದಾಳಿಯು ಗೆಲ್ಲುವುದನ್ನು ಕಂಡು ಜನ ಅದರತ್ತ ಹರಿದುಬರುವರು. ಸ್ವಲ್ಪ ಕಾಲದಲ್ಲಿ ದಾಳಿ ೭೦, ಜೋಡಣೆ ೧೦, ತಡೆ ೨೦ ಎಂದಾಯಿತೆನ್ನೋಣ. ಮತ್ತೆ ಲೆಕ್ಕ ಹಾಕಿದರೆ ದಾಳಿಯ ಗೆಲುವು ೫೩ರಿಂದ ೫೦ಕ್ಕೆ ಇಳಿದಿರುವುದು. ತಡೆಯದು ೪೬ರಿಂದ ೫೨ಕ್ಕೆ ಏರಿರುವುದು. ದಾಳಿಯು ತನ್ನ ಬೇಟೆಯಾದ ಜೋಡಣೆಯನ್ನು ಕಣದಿಂದ ಓಡಿಸಿ, ತನ್ನ ಶತ್ರುವಾದ ತಡೆಗೆ ಹಬ್ಬದೂಟವನ್ನು ಬಡಿಸಿದಂತಾಯಿತು. ಇನ್ನು ಜನ ತಡೆಯತ್ತ ತಿರುಗುವರು. ದಾಳಿ ೪೦, ಜೋಡಣೆ ೧೦, ತಡೆ ೫೦ ಆದಾಗ ದಾಳಿಗೆ ೪೮.೫, ತಡೆಗೆ ೫೦.೫, ಯಾರೂ ಕೇಳದೆ ಮೂಲೆಗೆ ಬಿದ್ದಿದ್ದ ಜೋಡಣೆಗೆ ೫೩.೫! ಚಕ್ರವು ಒಂದು ಸುತ್ತು ತಿರುಗಿ ಮತ್ತೆ ಜೋಡಣೆಯ ಕಾಲ ಬಂದಿತು.

ಈ ಮೂರು ವಾರಗಳಲ್ಲಿ ಯಾವ ಎಲೆಯೂ ಬದಲಾಗಲಿಲ್ಲ. ಬದಲಾದುದು ಎದುರಾಳಿಗಳ ಮಿಶ್ರಣ ಮಾತ್ರ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಒಬ್ಬನ ಗೆಲುವು ಇನ್ನೊಬ್ಬನ ಸೋಲಾದುದರಿಂದ ಎಲ್ಲ ಆಟಗಾರರ ಸರಾಸರಿ ಗೆಲುವು ಯಾವಾಗಲೂ ೫೦ ಆಗಿರಲೇಬೇಕು. ಎಲ್ಲರೂ ಒಂದೇ ಕಟ್ಟನ್ನು ಹಿಡಿದರೆ, ಅದು ಎಷ್ಟೇ ಉತ್ತಮವಾದುದಾಗಿರಲಿ, ಅದರ ಗೆಲುವು ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲುವುದು. ಒಂದು ವರ್ಷ ಈರುಳ್ಳಿಗೆ ಒಳ್ಳೆಯ ಬೆಲೆ ಬಂದಿತೆಂದು ಮರುವರ್ಷ ಸುತ್ತಲಿನ ಊರವರೆಲ್ಲರೂ ಈರುಳ್ಳಿಯನ್ನೇ ಬಿತ್ತಿದರೆ ಏನಾಗುವುದೆಂಬುದನ್ನು ನಮ್ಮ ರೈತರು ಬಲ್ಲರು. ಲಾಭವು ಇದ್ದುದು ಬೆಳೆಯ ಗುಣದಲ್ಲಿ ಮಾತ್ರವಲ್ಲ, ಅದನ್ನು ಬೆಳೆದವರು ಕೆಲವರೇ ಎಂಬುದರಲ್ಲಿ.

ಸಮತೋಲ ಎಲ್ಲಿದೆ?

ಈ ಚಕ್ರಕ್ಕೆ ಒಂದು ನಡುಬಿಂದು ಇರಬೇಕಲ್ಲವೇ? ಯಾವ ಕಟ್ಟನ್ನು ಹಿಡಿದರೂ ಗೆಲುವು ೫೦ ಆಗಿರುವಂಥ ಮಿಶ್ರಣವೇ ಆ ಬಿಂದು. ಅಲ್ಲಿ ಯಾರಿಗೂ ಬದಲಾಯಿಸುವ ಪ್ರಲೋಭನೆ ಇರುವುದಿಲ್ಲ. ಅದನ್ನು ಕಂಡುಹಿಡಿಯಲು ಪ್ರೌಢಶಾಲೆಯ ಬೀಜಗಣಿತವೇ ಸಾಕು. ದಾಳಿಗೆ ಲಾಭನಷ್ಟಗಳು ಸರಿದೂಗಬೇಕಾದರೆ, ಜೋಡಣೆಯವರ ಸಂಖ್ಯೆಯ ಹತ್ತರಷ್ಟು ತಡೆಯವರ ಸಂಖ್ಯೆಯ ಐದರಷ್ಟಕ್ಕೆ ಸಮನಾಗಿರಬೇಕು. ಅಂದರೆ ತಡೆಯವರು ಜೋಡಣೆಯವರ ಎರಡರಷ್ಟು ಇರಬೇಕು. ತಡೆಗೆ ಸರಿದೂಗಬೇಕಾದರೆ, ದಾಳಿಯವರ ಐದರಷ್ಟು ಜೋಡಣೆಯವರ ಹದಿನೈದರಷ್ಟಕ್ಕೆ ಸಮನಾಗಿರಬೇಕು. ಅಂದರೆ ದಾಳಿಯವರು ಜೋಡಣೆಯವರ ಮೂರರಷ್ಟು ಇರಬೇಕು. ಹೀಗೆ ದಾಳಿ, ತಡೆ, ಜೋಡಣೆಗಳು ೩:೨:೧ರ ಪ್ರಮಾಣದಲ್ಲಿರುವಾಗ, ಎಂದರೆ ನೂರಕ್ಕೆ ೫೦, ೩೩ ಮತ್ತು ೧೭ರ ಸುಮಾರಿಗೆ, ಸಮತೋಲ ಉಂಟಾಗುವುದು.

ಇಂಥ ಸಮತೋಲವು ಇದ್ದೇ ಇರುವುದೆಂಬುದನ್ನು, ಒಬ್ಬನ ಲಾಭ ಇನ್ನೊಬ್ಬನ ನಷ್ಟವಾಗುವ ಇಬ್ಬರ ಆಟಗಳ ಮಟ್ಟಿಗೆ, ೧೯೨೮ರಲ್ಲಿ ಜಾನ್ ಫಾನ್ ನಾಯ್ಮನ್ ಅವರು ಸಾಧಿಸಿ ತೋರಿಸಿದರು. ೧೯೪೪ರಲ್ಲಿ ಅವರು ಅರ್ಥಶಾಸ್ತ್ರಜ್ಞ ಓಸ್ಕರ್ ಮಾರ್ಗನ್‌ಸ್ಟರ್ನ್ ಅವರೊಡನೆ ಬರೆದ ಗ್ರಂಥದಿಂದ ಆಟಗಳ ಸಿದ್ಧಾಂತವು ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯಿತು.

ಆದರೆ ಸಮತೋಲ ಇದೆಯೆಂದ ಮಾತ್ರಕ್ಕೆ ಆಟಗಾರರ ಸಮೂಹವು ಅಲ್ಲಿಗೆ ಬಂದು ನಿಲ್ಲುವುದೆಂದು ಹೇಳಲಾಗದು. ಸರಾಸರಿಗಿಂತ ಹೆಚ್ಚು ಗೆಲ್ಲುವ ಬಗೆಯು ಹೆಚ್ಚುತ್ತ, ಕಡಿಮೆ ಗೆಲ್ಲುವ ಬಗೆಯು ಕುಗ್ಗುತ್ತ ಹೋಗುವ ಕ್ರಮವನ್ನು ೧೯೭೮ರಲ್ಲಿ ಪೀಟರ್ ಟೇಲರ್ ಮತ್ತು ಲಿಯೊ ಜಾಂಕರ್ ಅವರು ಸಮೀಕರಣದ ರೂಪದಲ್ಲಿ ಬರೆದರು. ನಮ್ಮ ಉದಾಹರಣೆಯಂಥ ಆಟಕ್ಕೆ ಅದನ್ನು ಅನ್ವಯಿಸಿದರೆ, ಸಮೂಹವು ನಡುಬಿಂದುವನ್ನು ಸೇರುವುದೂ ಇಲ್ಲ, ಅದರಿಂದ ದೂರ ಓಡುವುದೂ ಇಲ್ಲ. ಗಾಣದ ಎತ್ತಿನಂತೆ ಅದರ ಸುತ್ತ ತಿರುಗುತ್ತಲೇ ಇರುವುದು. ಹಲವು ಸುತ್ತುಗಳ ಸರಾಸರಿಯನ್ನು ತೆಗೆದರೆ ಮಾತ್ರ ೩:೨:೧ರ ಪ್ರಮಾಣ ಕಾಣಿಸಿಕೊಳ್ಳುವುದು.

ಎಲೆಯನ್ನು ತಿದ್ದುವ ಕಷ್ಟ

ಅಚ್ಚಾದ ಇಸ್ಪೀಟೆಲೆಯನ್ನು ತಿದ್ದಲಾಗದು. ಕಂಪ್ಯೂಟರಿನ ಎಲೆಯನ್ನಾದರೋ ಆಟವನ್ನು ನಡೆಸುವವರು ಒಂದೇ ರಾತ್ರಿಯಲ್ಲಿ ಎಲ್ಲರ ಕೈಯಲ್ಲಿಯೂ ಬದಲಾಯಿಸಬಲ್ಲರು. ಹಾರ್ತ್‌ಸ್ಟೋನಿನಲ್ಲಿ ೨೦೧೫ರ ಜನವರಿಯಲ್ಲಿ ‘ಅಂಡರ್‌ಟೇಕರ್’ ಎಂಬ ಒಂದು ಮಾನಾದ ಎಲೆಯನ್ನು ಹೀಗೆ ಕುಗ್ಗಿಸಿದರು. ಅದು ಬೆಳೆಯುವಾಗ ಪಡೆಯುತ್ತಿದ್ದ ಹೊಡೆತ ಮತ್ತು ಆಯುಸ್ಸು ಎರಡರಲ್ಲಿ ಹೊಡೆತವನ್ನು ಮಾತ್ರ ಉಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ‘ವಾರ್‌ಸಾಂಗ್ ಕಮಾಂಡರ್’ ಎಂಬ ಎಲೆಯ ವಾಕ್ಯವನ್ನೇ ಬದಲಾಯಿಸಿದಾಗ, ಅದನ್ನು ಆಧರಿಸಿ ನಿಂತಿದ್ದ ಒಂದು ಪ್ರಬಲ ಜೋಡಣೆಯ ಕಟ್ಟು ಪಂದ್ಯಗಳಿಂದ ಬಹುಮಟ್ಟಿಗೆ ಮರೆಯಾಯಿತು.

ಕುಗ್ಗಿಸಿದರೆ ಕಟ್ಟಿನ ಬಳಕೆ ಇಳಿಯುವುದು ಸಹಜವೆಂದು ನಮಗೆ ತೋರುವುದು. ಆದರೆ ನಮ್ಮ ಲೆಕ್ಕ ಬೇರೆ ಮಾತನ್ನೇ ಹೇಳುವುದು. ದಾಳಿಯ ಕಟ್ಟು ಅತಿಯಾಯಿತೆಂದು ಅದರ ಒಂದು ಎಲೆಯನ್ನು ಕುಗ್ಗಿಸಿ, ಎರಡೂ ಕಡೆ ಅದರ ಗೆಲುವನ್ನು ೫ರಷ್ಟು ಇಳಿಸಿದೆವೆನ್ನೋಣ. ಈಗ ಜೋಡಣೆಯ ಮೇಲೆ ದಾಳಿಯ ಮೇಲುಗೈ ೧೦ರ ಬದಲು ೫. ದಾಳಿಯ ಮೇಲೆ ತಡೆಯ ಮೇಲುಗೈ ೫ರ ಬದಲು ೧೦. ಹಿಂದಿನಂತೆಯೇ ಸಮತೋಲವನ್ನು ಹುಡುಕಿದರೆ ದಾಳಿ, ಜೋಡಣೆ, ತಡೆಗಳು ೩:೨:೧ರ ಪ್ರಮಾಣದಲ್ಲಿ ಬರುವುವು. ದಾಳಿಯ ಪಾಲು ಮೊದಲಿನಂತೆ ಅರ್ಧವೇ! ತಡೆ ಮತ್ತು ಜೋಡಣೆಗಳು ಮಾತ್ರ ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡಿವೆ. ಜೋಡಣೆಯ ಎದುರಿನ ಮೇಲುಗೈಯನ್ನು ಮಾತ್ರ ೫ಕ್ಕೆ ಇಳಿಸಿ ತಡೆಯ ಎದುರಿನದನ್ನು ಹಾಗೆಯೇ ಬಿಟ್ಟರಂತೂ ಫಲ ಇನ್ನೂ ವಿಚಿತ್ರ: ದಾಳಿಯ ಪಾಲು ೫೦ರಿಂದ ೬೦ಕ್ಕೆ ಏರುವುದು.

ಈ ಒಗಟಿಗೆ ವಿವರಣೆ ಕಷ್ಟವಲ್ಲ. ದಾಳಿಯ ಭಯ ಕಡಿಮೆಯಾದರೆ ಜೋಡಣೆ ತಲೆಯೆತ್ತುವುದು. ಜೋಡಣೆಯು ತಡೆಯನ್ನು ತಿಂದುಹಾಕುವುದು. ತಡೆಯೇ ದಾಳಿಯ ಶತ್ರುವಾದುದರಿಂದ, ಶತ್ರು ಕಡಿಮೆಯಾದ ಲಾಭ ದಾಳಿಗೇ ಸಲ್ಲುವುದು. ಇಂಥ ಚಕ್ರದಲ್ಲಿ ಒಂದು ಕಟ್ಟಿನ ಜನಪ್ರಿಯತೆಯು ಅದರ ಸ್ವಂತ ಬಲಕ್ಕಿಂತ ಹೆಚ್ಚಾಗಿ ಉಳಿದೆರಡರ ನಡುವಣ ಜಗಳವನ್ನು ಅವಲಂಬಿಸಿದೆ. ಆದರೆ ಇದಕ್ಕೊಂದು ಮೇರೆಯೂ ಇದೆ. ದಾಳಿಯನ್ನು ಜೋಡಣೆಯೂ ಸೋಲಿಸುವಷ್ಟು ಕುಗ್ಗಿಸಿದರೆ, ಆಮೇಲೆ ಜೋಡಣೆಯನ್ನು ಸೋಲಿಸುವವರೇ ಇಲ್ಲದೆ ಚಕ್ರವು ಮುರಿಯುವುದು. ಕಣದಲ್ಲಿ ಒಂದೇ ಬಗೆಯ ಕಟ್ಟು ಉಳಿಯುವುದು. ತಿದ್ದುವವರು ಹೆದರಬೇಕಾದುದು ಇದಕ್ಕೆ.

ಎಲೆಯನ್ನು ತಿದ್ದದೆಯೂ ಸಮತೋಲವನ್ನು ಸರಿಪಡಿಸಬಹುದು. ೨೦೧೬ರ ಡಿಸೆಂಬರಿನಲ್ಲಿ ಹೊರಬಂದ ಎಲೆಗಳಿಂದ ‘ಕಡಲುಗಳ್ಳ’ರ ದಾಳಿಯ ಕಟ್ಟುಗಳು ಬಹಳ ಪ್ರಬಲವಾದವು. ೨೦೧೭ರ ಫೆಬ್ರವರಿಯಲ್ಲಿ ಅವುಗಳ ಒಂದು ಎಲೆಯ ಆಯುಸ್ಸನ್ನು ೨ರಿಂದ ೧ಕ್ಕೆ ಇಳಿಸಿದರು. ಜೊತೆಗೆ ಏಪ್ರಿಲಿನಲ್ಲಿ ಬಂದ ಹೊಸ ಎಲೆಗಳಲ್ಲಿ ‘ಗೊಲಕ್ಕ ಕ್ರಾಲರ್’ ಎಂಬ ಏಡಿಯೊಂದಿದ್ದಿತು. ತನ್ನಷ್ಟಕ್ಕೆ ಅದು ಸಾಧಾರಣವಾದುದು. ಎದುರಿಗೆ ಕಡಲುಗಳ್ಳನಿದ್ದರೆ ಮಾತ್ರ ಅವನನ್ನು ನುಂಗಿ ತಾನು ಬಲಿಯುವುದು. ಕಡಲುಗಳ್ಳರು ವಿರಳವಾಗಿದ್ದರೆ ಅದನ್ನು ಯಾರೂ ಕಟ್ಟಿನಲ್ಲಿ ಇಟ್ಟುಕೊಳ್ಳರು. ಅವರು ಹೆಚ್ಚಿದಂತೆ ಏಡಿಗೂ ಬೆಲೆ ಹೆಚ್ಚುವುದು. ರೋಗವು ಹರಡಿದಷ್ಟೂ ಔಷಧಿಗೆ ಗಿರಾಕಿ ಹೆಚ್ಚಿದಂತೆ ಇದು.

ಅಂಕಿಗಳನ್ನು ಓದುವ ಎಚ್ಚರ

ಕಟ್ಟುಗಳ ಗೆಲುವಿನ ಅಂಕಿಗಳು ಇಂದು ಯಾರಿಗಾದರೂ ಸುಲಭವಾಗಿ ಸಿಕ್ಕುವುವು. ಆದರೆ ಅವನ್ನು ಓದುವಾಗ ಮೂರು ಎಚ್ಚರಗಳು ಅವಶ್ಯ.

ಒಂದನೆಯದು, ಪಂದ್ಯಗಳ ಸಂಖ್ಯೆ. ನೂರು ಪಂದ್ಯಗಳಲ್ಲಿ ೫೫ನ್ನು ಗೆದ್ದವನು ತನ್ನ ಕಟ್ಟು ಶ್ರೇಷ್ಠವೆಂದು ಹಿಗ್ಗಬಹುದು. ಆದರೆ ಒಂದು ನಾಣ್ಯವನ್ನು ನೂರು ಸಲ ಚಿಮ್ಮಿದರೂ ೫೫ ಅಥವಾ ಅದಕ್ಕಿಂತ ಹೆಚ್ಚು ಸಲ ರಾಜಮುಖ ಬೀಳುವ ಸಂಭವ ಸುಮಾರು ನೂರಕ್ಕೆ ೧೮ರಷ್ಟಿದೆ. ಸಮಬಲದ ನೂರು ಪಂದ್ಯಗಳಲ್ಲಿ ಮಾನಕ ವಿಚಲನೆಯೇ ೫. ಗೆಲುವು ೫೦ ಅಲ್ಲ, ೫೨ ಎಂದು ಒಂದಿಷ್ಟು ಧೈರ್ಯದಿಂದ ಹೇಳಬೇಕಾದರೆ, ಎಂದರೆ ಆ ಎರಡರ ಅಂತರವು ಮಾನಕ ವಿಚಲನೆಯ ಇಮ್ಮಡಿಯಾಗಬೇಕಾದರೆ, ೨,೫೦೦ ಪಂದ್ಯಗಳಾದರೂ ಬೇಕು.

ಎರಡನೆಯದು, ಎದುರಾಳಿಗಳ ಮಿಶ್ರಣ. ಒಟ್ಟು ಗೆಲುವು ೫೩ ಎಂಬುದು ಕಟ್ಟಿನ ಗುಣವಲ್ಲ. ಕಟ್ಟು ಮತ್ತು ಕಾಲ ಎರಡರ ಕೂಡುಗುಣ. ಯಾವ ಬಗೆಯ ಎದುರು ಎಷ್ಟು ಗೆಲುವು ಎಂಬ ಬಿಡಿಬಿಡಿಯಾದ ಅಂಕಿಗಳು ಹೆಚ್ಚು ಸ್ಥಿರವಾದುವು.

ಮೂರನೆಯದು, ಆಡುವವರ ಕೈ. ಸುಲಭವಾದ ಕಟ್ಟನ್ನು ಹೊಸಬರೆಲ್ಲ ಹಿಡಿಯುವರು. ಕಠಿಣವಾದುದನ್ನು ನುರಿತವರು ಮಾತ್ರ ಹಿಡಿಯುವರು. ಆಗ ಕಟ್ಟಿನ ಅಂಕಿಯಲ್ಲಿ ಆಡುವವರ ಕೌಶಲವೂ ಬೆರೆತಿರುವುದು. ಒಂದು ಶಾಲೆಯ ಫಲಿತಾಂಶ ಚೆನ್ನಾಗಿದೆಯೆಂದರೆ ಪಾಠ ಚೆನ್ನಾಗಿದೆಯೋ, ಆರಿಸಿ ಸೇರಿಸಿಕೊಂಡ ಮಕ್ಕಳು ಚೆನ್ನಾಗಿರುವರೋ ಎಂದು ವಿಚಾರಿಸಬೇಕಾದಂತೆಯೇ ಇದು.

ಪ್ರಕೃತಿಯ ಕಣದಲ್ಲಿ

ಈ ವಿಚಾರವು ಬರಿಯ ವಿನೋದದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ೧೯೭೩ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಅವರು ಆಟಗಳ ಸಿದ್ಧಾಂತವನ್ನು ಪ್ರಾಣಿಗಳ ಕಾದಾಟಕ್ಕೆ ಅನ್ವಯಿಸಿ ತೋರಿಸಿದರು. ಪ್ರಾಣಿಯು ಲೆಕ್ಕ ಹಾಕಬೇಕಾಗಿಲ್ಲ; ಹೆಚ್ಚು ಸಂತಾನವನ್ನು ಬಿಟ್ಟುಹೋದ ಬಗೆಯು ಮುಂದಿನ ಪೀಳಿಗೆಯಲ್ಲಿ ತಾನಾಗಿಯೇ ಹೆಚ್ಚುವುದು.

ಕ್ಯಾಲಿಫೋರ್ನಿಯಾದಲ್ಲಿರುವ ಊಟಾ ಸ್ಟ್ಯಾನ್ಸ್‌ಬುರಿಯಾನ ಎಂಬ ಸಣ್ಣ ಹಲ್ಲಿಯಲ್ಲಿ ಮೂರು ಬಗೆಯ ಗಂಡುಗಳಿವೆ. ಕಿತ್ತಳೆ ಕೊರಳಿನದು ಆಕ್ರಮಣಶೀಲ. ದೊಡ್ಡ ಪ್ರದೇಶವನ್ನು ಹಿಡಿದು ನೀಲಿ ಕೊರಳಿನದನ್ನು ಹಿಮ್ಮೆಟ್ಟಿಸುವುದು. ನೀಲಿಯದು ಚಿಕ್ಕ ಪ್ರದೇಶದಲ್ಲಿ ತನ್ನ ಹೆಣ್ಣನ್ನು ಎಚ್ಚರದಿಂದ ಕಾಯುವುದು. ಹಳದಿಯದು ಹೆಣ್ಣಿನಂತೆ ನಟಿಸುತ್ತ ಕಿತ್ತಳೆಯ ವಿಶಾಲ ಪ್ರದೇಶದೊಳಕ್ಕೆ ನುಸುಳುವುದು. ಆದರೆ ಕಾವಲಿನಲ್ಲಿ ಜಾಗರೂಕವಾದ ನೀಲಿಯ ಬಳಿ ಅದರ ಆಟ ನಡೆಯದು. ಹೀಗೆ ಕಿತ್ತಳೆಯು ನೀಲಿಯನ್ನೂ, ನೀಲಿಯು ಹಳದಿಯನ್ನೂ, ಹಳದಿಯು ಕಿತ್ತಳೆಯನ್ನೂ ಗೆಲ್ಲುವುದು. ಕೆಲವು ವರ್ಷಗಳ ಅವಧಿಯಲ್ಲಿ ಈ ಮೂರು ಬಣ್ಣಗಳ ಸಂಖ್ಯೆಯು ಒಂದಾದ ಮೇಲೊಂದರಂತೆ ಏರಿ ಇಳಿಯುವುದನ್ನು ಬ್ಯಾರಿ ಸಿನೆರ್ವೊ ಮತ್ತು ಕರ್ಟಿಸ್ ಲೈವ್ಲಿ ಅವರು ೧೯೯೬ರಲ್ಲಿ ಪ್ರಕಟಿಸಿದರು. ಹಲ್ಲಿಗಳ ಬಂಡೆಯ ಮೇಲೂ ಕಂಪ್ಯೂಟರಿನ ಕಣದಲ್ಲೂ ಒಂದೇ ಚಕ್ರ ತಿರುಗುತ್ತಿದೆ.

ಇನ್‌ಫ್ಲುಯೆಂಜಾ ಜ್ವರದ ವೈರಸ್ಸಿನಲ್ಲಿಯೂ ಇದಕ್ಕೆ ಹತ್ತಿರವಾದ ಕ್ರಮವನ್ನು ಕಾಣಬಹುದು. ಒಂದು ಬಗೆಯು ಬಹುಮಂದಿಗೆ ತಗುಲಿದಾಗ ಅವರಲ್ಲಿ ಅದನ್ನು ತಡೆಯುವ ಶಕ್ತಿ ಬೆಳೆಯುವುದು. ಆ ಶಕ್ತಿಯ ಕಣ್ಣು ತಪ್ಪಿಸುವ ವಿರಳವಾದ ಹೊಸ ಬಗೆಗೆ ಆಗ ಅನುಕೂಲ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯವರು ಲಸಿಕೆಯಲ್ಲಿ ಯಾವ ಬಗೆಗಳಿರಬೇಕೆಂಬುದನ್ನು ವರ್ಷಕ್ಕೆರಡು ಸಲ ಪುನಃ ವಿಚಾರಿಸುತ್ತಾರೆ. ಕಳೆದ ವರ್ಷ ಗೆದ್ದ ಲಸಿಕೆಯೇ ಈ ವರ್ಷವೂ ಗೆಲ್ಲುವುದೆಂಬ ಭರವಸೆ ಇಲ್ಲ. ಇಲ್ಲಿ ತಪ್ಪು ಲೆಕ್ಕಕ್ಕೆ ತೆರಬೇಕಾದ ಬೆಲೆಯು ಒಂದು ಪಂದ್ಯವಲ್ಲ, ಮನುಷ್ಯರ ಜೀವ.

ಹೀಗಿರುವಲ್ಲಿ ‘ಅತ್ಯುತ್ತಮವಾದುದು ಯಾವುದು?’ ಎಂದು ಯಾರಾದರೂ ಕೇಳಿದಾಗ, ‘ಈಗ ಉಳಿದವರು ಏನು ಮಾಡುತ್ತಿದ್ದಾರೆ?’ ಎಂದು ಮರುಪ್ರಶ್ನೆ ಹಾಕುವುದು ವಿವೇಕ. ನಿನ್ನೆ ಗೆದ್ದುದನ್ನು ಕಣ್ಣುಮುಚ್ಚಿ ಅನುಸರಿಸುವವನು ಎಲ್ಲರೂ ಬಂದು ಸೇರಿದ ಮೇಲೆ ಬಂದು ಸೇರುವನು.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ನಮ್ಮ ಮೊದಲ ಉದಾಹರಣೆಯ ಮೂರು ಮೇಲುಗೈಗಳನ್ನು ೧೦, ೧೫, ೫ರ ಬದಲು ೮, ೧೨, ೪ ಎಂದಿಟ್ಟುಕೊಂಡು ಸಮತೋಲವನ್ನು ಕಂಡುಹಿಡಿಯಿರಿ. ದೊರೆತ ಉತ್ತರವನ್ನು ಹಿಂದಿನದರೊಡನೆ ಹೋಲಿಸಿ, ಹಾಗೇಕಾಯಿತೆಂದು ಯೋಚಿಸಿರಿ. ಅದು ತಿಳಿದರೆ ಈ ಪಾಠದ ಮುಖ್ಯ ತತ್ತ್ವ ತಿಳಿದಂತೆಯೇ.